ಮಿರ್ಜಾ ಸಾಹೇಬರ ಹತ್ತು ತಿಂಗಳು

ಸೆಪ್ಟೆಂಬರ್ ಬಂತಂದ್ರೆ ಭಾಲ್ಕಿಯಿಂದ ಅಕ್ಕನ ಮಗನ ಫೋನು ಗ್ಯಾರಂಟಿ. "ಮಾಮಾ, 17ನೇ ತಾರೀಖಿಗಿ ಸಾಲ್ಯಾಗ ಭಾಷಣ ಅದ. ಬರ್ದು ವಾಟ್ಸಾಪ್ ಮಾಡು. ಮೂರೇ ನಿಮಿಷ."

ಈ ಭಾಷಣದ ಟೆಂಪ್ಲೇಟು ನನ್ನ ಹತ್ತಿರ ರೆಡಿ ಇದೆ. ಔರಾದ್ ತಾಲೂಕಿನ ಹೈಸ್ಕೂಲಿನಲ್ಲಿ ಓದುವಾಗ ಇದನ್ನೇ ಉರು ಹೊಡೆದು ಹೇಳಿ ಒಂದು ಸ್ಟೀಲ್ ಡಬ್ಬಿ ಗೆದ್ದಿದ್ದೆ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ನಿಜಾಮ ಒಪ್ಪಲಿಲ್ಲ. ರಜಾಕಾರರು ಹಾವಳಿ ಮಾಡಿದರು. ಸರ್ದಾರ್ ಪಟೇಲರು ಸೈನ್ಯ ಕಳಿಸಿದರು. 1948ರ ಸೆಪ್ಟೆಂಬರ್ 13ಕ್ಕೆ ಶುರು, 17ಕ್ಕೆ ಮುಗೀತು. ಐದೇ ದಿನ. ಚಪ್ಪಾಳೆ.

ಇದರಲ್ಲಿ ಒಂದೂ ಸುಳ್ಳಿಲ್ಲ. ಅದಕ್ಕೇ ನನಗೆ ಇದರ ಮೇಲೆ ಇನ್ನೂ ಸಿಟ್ಟು. ಸುಳ್ಳಿದ್ದರೆ ತಿದ್ದಬಹುದಿತ್ತು. ಇಲ್ಲಿ ತಿದ್ದೋದಕ್ಕೆ ಏನೂ ಇಲ್ಲ, ಬಿಟ್ಟುಹೋದದ್ದೇ ಜಾಸ್ತಿ.

ಬಿಟ್ಟುಹೋದವರಲ್ಲಿ ಒಬ್ಬರ ಹೆಸರು ಬೆಂಗಳೂರಿನ ನಿಮಗೆಲ್ಲ ಚೆನ್ನಾಗಿ ಗೊತ್ತು: ಸರ್ ಮಿರ್ಜಾ ಇಸ್ಮಾಯಿಲ್. ನಮ್ಮ ಆಫೀಸಿನಲ್ಲಿ ಮೈಸೂರಿನ ಗೆಳೆಯನೊಬ್ಬನಿದ್ದಾನೆ. ಔಟರ್ ರಿಂಗ್ ರೋಡಿನಲ್ಲಿ ಟ್ರಾಫಿಕ್ ಜಾಮ್ ಆದಾಗಲೆಲ್ಲ ಅವನ ಬಾಯಲ್ಲಿ ಒಂದೇ ಮಾತು: "ಮಿರ್ಜಾ ಇದ್ದಿದ್ರೆ ಹಿಂಗಾಗ್ತಿತ್ತಾ ಗುರು?" ಬೃಂದಾವನ ಗಾರ್ಡನ್, ಟೌನ್ ಹಾಲ್, ಸರ್ಕಲ್ಲುಗಳು, ಹೂವಿನ ಪಾತಿ, ದೀಪ. ಹಳೇ ಕಪ್ಪು-ಬಿಳುಪು ಫೋಟೋ ಹಾಕಿ ಲೈಕ್ ಒತ್ತಿಸಿಕೊಳ್ಳುವ ಪೇಜುಗಳಲ್ಲೂ ಮಿರ್ಜಾ ಅಂದ್ರೆ ಇಷ್ಟೇ. ಊರಿಗೆಲ್ಲ ಚಂದದ ಪಾರ್ಕು ಮಾಡಿಸಿದ ದಿವಾನ್ ಸಾಹೇಬರು.

ಅವತ್ತು ಅವನಿಗೆ ಕೇಳಿದೆ: "ಈ ನಿಮ್ಮ ಮಿರ್ಜಾ ನಮ್ಮ ಬೀದರಿಗೂ ಪ್ರಧಾನಮಂತ್ರಿ ಆಗಿದ್ದರು, ಗೊತ್ತೇನು?" ಜೋಕ್ ಅಂದ್ಕೊಂಡ. ಅವನ ತಪ್ಪೇನೂ ಇಲ್ಲ. ಬೀದರಿನಲ್ಲೇ ಬಿಇ ಮುಗಿಸಿದ ನನಗೂ ಇದು ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ.

ಮೊದಲು ಅವರ ಕೆರಿಯರ್ ಬಗ್ಗೆ ಚೂರು. ಹುಟ್ಟಿದ್ದು 1883ರಲ್ಲಿ, ಬೆಂಗಳೂರಿನಲ್ಲೇ. ತಾತ ಪರ್ಷಿಯಾದ ಶಿರಾಜ್‌ನಿಂದ ಕುದುರೆ ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆಸಿದವರು. ನಾಲ್ವಡಿ ಕೃಷ್ಣರಾಜ ಒಡೆಯರ್ ಜೊತೆ ಓದಿದ ಹುಡುಗ, ಮುಂದೆ ಅವರದೇ ಪ್ರೈವೇಟ್ ಸೆಕ್ರೆಟರಿ, 1926ರಲ್ಲಿ ದಿವಾನ. 1941ರ ತನಕ ಆ ಕುರ್ಚಿ ಬಿಡಲಿಲ್ಲ. ಭದ್ರಾವತಿಯ ಪೇಪರ್ ಮಿಲ್, ಮಂಡ್ಯದ ಸಕ್ಕರೆ ಕಾರ್ಖಾನೆ, 1940ರಲ್ಲಿ ವಾಲಚಂದರ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಎಲ್ಲ ಈ ಅವಧಿಯವೇ. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಸಂಸ್ಥಾನಗಳ ಪರವಾಗಿ ಹೋದರು. ಮೈಸೂರು ಬಿಟ್ಟ ಮೇಲೆ 1942ರಿಂದ 46ರ ತನಕ ಜೈಪುರದ ಪ್ರಧಾನಮಂತ್ರಿ. ಅಲ್ಲಿ ಇವತ್ತಿಗೂ ದೊಡ್ಡ ಅಂಗಡಿ ಸಾಲಿನ ಎಂ.ಐ. ರೋಡ್ ಇದೆ. ಟ್ರಿಪ್ಪಿಗೆ ಹೋಗಿ ಅಲ್ಲೇ ಲಸ್ಸಿ ಕುಡಿದು ಬಂದವರು ಎಷ್ಟೋ ಜನ ಇದ್ದೀರಿ, ಎಂ.ಐ. ಅಂದರೆ ಯಾರು ಅಂತ ಕೇಳಿದ್ರಾ?

ಈ ಪಟ್ಟಿಯಲ್ಲಿ ನನಗೆ ಬೇಕಾಗಿರುವುದು ಹೂದೋಟ ಅಲ್ಲ, 1938. ಆ ವರ್ಷ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನವರು ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ಮಾಡಿದರು. ಏಪ್ರಿಲ್ 25ಕ್ಕೆ ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು. ಎಷ್ಟು ಜನ ಸತ್ತರು ಅನ್ನೋದರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ದಿವಾನರು ಇದೇ ಮಿರ್ಜಾ. ಈ ರಕ್ತ ಅವರ ಲೆಕ್ಕದಲ್ಲೇ ಇರಬೇಕು, ಬೃಂದಾವನದ ಕಾರಂಜಿಯಲ್ಲಿ ತೊಳೆಯೋ ಹಂಗಿಲ್ಲ. ಆದರೆ ಮುಂದೇನಾಯಿತು ನೋಡಿ. ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದರು. ಮಿರ್ಜಾ ಅವರ ಜೊತೆ ಕೂತು ಮಾತಾಡಿದರು. ಕಾಂಗ್ರೆಸ್ ಬಾವುಟ ಮೈಸೂರು ಬಾವುಟದ ಜೊತೆಗೇ ಹಾರಬಹುದು, ಕೈದಿಗಳನ್ನು ಬಿಡಬೇಕು ಅಂತ ಒಪ್ಪಂದ ಆಯಿತು. ಚರಿತ್ರೆಯ ಪುಸ್ತಕಗಳಲ್ಲಿ ಇದನ್ನೇ ಪಟೇಲ್-ಮಿರ್ಜಾ ಒಪ್ಪಂದ ಅಂತಾರೆ. ಜವಾಬ್ದಾರಿ ಸರ್ಕಾರ ಸಿಗಲಿಲ್ಲ, ಬೇಕಾದ್ದೆಲ್ಲ ಯಾರಿಗೂ ಸಿಗಲಿಲ್ಲ. ಆದರೂ ಇನ್ನೊಂದು ವಿದುರಾಶ್ವತ್ಥದ ಕಡೆ ಓಡುತ್ತಿದ್ದ ಗಾಡಿಗೆ ಬ್ರೇಕು ಬಿತ್ತು.

ಪಟೇಲ್ ಮತ್ತು ಮಿರ್ಜಾ. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಎಂಟು ವರ್ಷ ಮುಂದಕ್ಕೆ ಹೋಗೋಣ.

1946ರ ಆಗಸ್ಟ್‌ನಲ್ಲಿ ಮಿರ್ಜಾ ಹೈದರಾಬಾದ್ ಸಂಸ್ಥಾನದ ಪ್ರಧಾನಮಂತ್ರಿ ಆದರು. ಮಿರ್ ಉಸ್ಮಾನ್ ಅಲಿ ಖಾನ್ ನಿಜಾಮರು. 1.6 ಕೋಟಿ ಜನ, ಅದರಲ್ಲಿ ದೊಡ್ಡ ಬಹುಪಾಲು ಹಿಂದೂಗಳು, ಆಡಳಿತದ ಕುರ್ಚಿಗಳಲ್ಲಿ ಬಹುಪಾಲು ಮುಸ್ಲಿಮರು. ನಮ್ಮ ಬೀದರ್ ಜಿಲ್ಲೆ ಆಗ ಈಗಿನಷ್ಟು ಸಣ್ಣದಲ್ಲ. ಬೀದರ್, ಭಾಲ್ಕಿ, ಹುಮನಾಬಾದ್ ಜೊತೆಗೆ ಉದಗೀರ, ನಿಲಂಗಾ, ಅಹಮದಪುರ, ಜಹೀರಾಬಾದ್, ನಾರಾಯಣಖೇಡ್ ಎಲ್ಲ ನಮ್ಮವೇ. ಔರಾದ್ ಭಾಗಕ್ಕೆ ಸಂತಪುರ ತಾಲೂಕು ಅಂತಿದ್ದರು. ಕೋರ್ಟು, ಕಚೇರಿ, ಶಾಲೆ ಎಲ್ಲ ಉರ್ದುವಿನಲ್ಲಿ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಪಾಠ ಮಾಡಿಸುತ್ತಿದ್ದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. (ಡಿಪ್ಲೊಮಸಿ ಅಂದ್ರೆ ಏನು ಅಂತ ನನಗೆ ಮೊದಲು ಅರ್ಥ ಆಗಿದ್ದು ಆ ಬೋರ್ಡಿನ ಕಥೆಯಿಂದ. ಸ್ವಾಮಿಗಳು ಬೋರ್ಡಿನ ವಿಷಯದಲ್ಲಿ ಬಗ್ಗಿದರು, ಪಾಠದ ವಿಷಯದಲ್ಲಿ ಬಗ್ಗಲಿಲ್ಲ.)

ಮಿರ್ಜಾ ಬರೋದು ಜಿನ್ನಾ ಅವರಿಗೆ ಸುತಾರಾಂ ಇಷ್ಟ ಇರಲಿಲ್ಲ. ಎರಡು ರಾಷ್ಟ್ರದ ವಾದ ಒಪ್ಪದ, ಗಾಂಧೀಜಿ ಜೊತೆ ಸ್ನೇಹ ಇಟ್ಟುಕೊಂಡಿದ್ದ ಮುಸ್ಲಿಂ ಆಡಳಿತಗಾರ ಅವರಿಗೆ ಬೇಡವಾಗಿದ್ದ. ನಿಜಾಮರು ಆ ವಿರೋಧ ದಾಟಿ ಮಿರ್ಜಾರನ್ನು ತಂದರು, ತಂದ ಮೇಲೆ ಬೆನ್ನಿಗೆ ನಿಲ್ಲಲಿಲ್ಲ. ಬ್ರಿಟಿಷರು ಹೊರಟಿದ್ದಾರೆ, ನಾಲ್ಕೂ ಕಡೆ ಭಾರತದ ನೆಲ, ದೆಹಲಿ ಜೊತೆ ಒಂದು ಗೌರವದ ಹೊಂದಾಣಿಕೆ ಬಿಟ್ಟರೆ ಬೇರೆ ದಾರಿ ಇಲ್ಲ: ಮಿರ್ಜಾ ಹಿಡಿದ ಹಾದಿ ಇಷ್ಟು. ಇವತ್ತು ಮ್ಯಾಪ್ ನೋಡಿದ ಐದನೇ ಕ್ಲಾಸಿನ ಹುಡುಗನೂ ಇದನ್ನೇ ಹೇಳುತ್ತಾನೆ. ಅವತ್ತು ಹೇಳಿದ್ದಕ್ಕೆ ಇತ್ತೇಹಾದ್-ಉಲ್-ಮುಸ್ಲಿಮೀನ್ ಅವರನ್ನು ಹಿಂದೂಗಳ ಏಜೆಂಟ್ ಮಾಡಿತು. ಅದೇ 1946ರ ಡಿಸೆಂಬರ್‌ನಲ್ಲಿ ಆ ಸಂಘಟನೆಯ ಚುಕ್ಕಾಣಿ ಲಾತೂರಿನ ಒಬ್ಬ ವಕೀಲರ ಕೈಗೆ ಬಂತು. ಹೆಸರು ಕಾಸಿಂ ರಜ್ವಿ. ಲಾತೂರು ನಮಗೆ ದೂರದೂರಲ್ಲ, ಔರಾದ್ ಕಡೆ ಜನ ಇವತ್ತೂ ದವಾಖಾನೆಗೆ ಅಲ್ಲಿಗೇ ಹೋಗ್ತಾರೆ. 1947ರ ಮೇ ತಿಂಗಳಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟು ಹೊರಟರು. ಹತ್ತು ತಿಂಗಳೂ ಸರಿಯಾಗಿ ತುಂಬಲಿಲ್ಲ.

ಬೀದರಿನವರಿಗೆ ಇದು ಎಲ್ಲೋ ಕೇಳಿದ ಕಥೆ ಅನ್ನಿಸಬೇಕು. ಚೌಬಾರಾದಿಂದ ನಡೆದು ಹೋಗುವಷ್ಟು ದೂರದಲ್ಲಿ 1472ರ ಮದರಸಾ ಇದೆ. ಕಟ್ಟಿಸಿದ ಮಹಮೂದ್ ಗವಾನನೂ ಪರ್ಷಿಯಾ ಮೂಲದವನು, ಅವನೂ ಮಂತ್ರಿ, ಪತ್ರ ಬರೆದೇ ದೂರದ ದೊರೆಗಳ ಜೊತೆ ಸಂಬಂಧ ಕಟ್ಟಿದವನು. ಅವನನ್ನು 1481ರಲ್ಲಿ ಯಾರೋ ಸೃಷ್ಟಿಸಿದ ನಕಲಿ ಪತ್ರ ತೋರಿಸಿ ಸುಲ್ತಾನನ ಕೈಲೇ ಕೊಲ್ಲಿಸಿದರು. ಮಿರ್ಜಾಗೆ ತಲೆಯಾದರೂ ಉಳಿಯಿತು.

ಈಗ ಭಾಷಣದಲ್ಲಿ ಇಲ್ಲದ ಭಾಗ. ಮೇ ತಿಂಗಳಲ್ಲಿ ಮಿರ್ಜಾ ಹೋದರು. ಜೂನ್‌ನಲ್ಲಿ ನಿಜಾಮರ ಫರ್ಮಾನು: ಭಾರತದ ಸಂವಿಧಾನ ಸಭೆಗೂ ಸೇರಲ್ಲ, ಪಾಕಿಸ್ತಾನದ್ದಕ್ಕೂ ಸೇರಲ್ಲ. ಅಕ್ಟೋಬರ್‌ನಲ್ಲಿ ಯಥಾಸ್ಥಿತಿ ಒಪ್ಪಂದಕ್ಕೆ ದೆಹಲಿಗೆ ಹೊರಡಬೇಕಿದ್ದ ನಿಯೋಗದವರ ಮನೆಗಳನ್ನೇ ಇತ್ತೇಹಾದ್ ಗುಂಪು 27ನೇ ತಾರೀಖು ಬೆಳಗಿನ ಜಾವ ಸುತ್ತುವರಿಯಿತು. ಮಿರ್ಜಾ ಜಾಗಕ್ಕೆ ಬಂದಿದ್ದ ಛತಾರಿ ನವಾಬರೂ ಕೈಚೆಲ್ಲಿ ಹೋದರು. ನವೆಂಬರ್ 29ಕ್ಕೆ ಹೆಂಗೋ ಒಂದು ಸಹಿ ಬಿತ್ತು. ಆಮೇಲೆ ಪ್ರಧಾನಿಯಾದವರು ಮೀರ್ ಲಾಯಕ್ ಅಲಿ. ಮಾತಾಡುವವರೆಲ್ಲ ಒಬ್ಬೊಬ್ಬರಾಗಿ ಹೊರಗೆ, ಕೂಗುವವರೆಲ್ಲ ಒಳಗೆ. ಸಿಡ್ನಿ ಕಾಟನ್ ಅನ್ನೋ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ರಾತ್ರೋರಾತ್ರಿ ಬಂದೂಕು ತಂದು ಇಳಿಸಿದ ಜಾಗಗಳಲ್ಲಿ ನಮ್ಮ ಬೀದರೂ ಒಂದು.

ಮತ್ತೆ 1948ರ ಜೂನ್. ಇದನ್ನು ದಯವಿಟ್ಟು ಎರಡು ಸಲ ಓದಿ. ಮೌಂಟ್‌ಬ್ಯಾಟನ್ ಭಾರತ ಬಿಟ್ಟು ಹೋಗೋ ಮುಂಚೆ ಒಂದು ಕೊನೇ ಕರಡು ತಯಾರಾಯಿತು. ಹೈದರಾಬಾದ್ ಒಂದಿಷ್ಟು ಸ್ವಂತ ಸೈನ್ಯ ಇಟ್ಟುಕೊಳ್ಳಬಹುದು, ರಜಾಕಾರರನ್ನು ಹಂತ ಹಂತವಾಗಿ ವಿಸರ್ಜಿಸಬೇಕು, ಭಾರತಕ್ಕೆ ಸೇರೋದೋ ಬೇಡವೋ ಅಂತ ಜನಮತ ಕೇಳಬೇಕು. ನಿಜಾಮರಿಗೆ ಬಹಳ ಉದಾರವಾದ ಕರಡು ಅದು. ಅದಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ಸರ್ದಾರ್ ಪಟೇಲರೂ ಇದ್ದರು. ಖುಷಿಯಿಂದ ಅಲ್ಲ, ಮನಸ್ಸಿಲ್ಲದ ಮನಸ್ಸಿನಿಂದ. ಆದರೂ ಒಪ್ಪಿದರು. ಬೇಡ ಅಂದವರು ಹೈದರಾಬಾದಿನವರು.

ನಿಮ್ಮ ಸ್ಟೇಟಸ್ಸಿನಲ್ಲಿ ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತ ಪಟೇಲರ ಎಡಿಟೆಡ್ ಫೋಟೋ ಇರುತ್ತಲ್ಲ, ಆ ಪಟೇಲರು ಒಂದು ವರ್ಷಕ್ಕೂ ಮೇಲೆ ಮಾತುಕತೆಗೆ ಬಾಗಿಲು ತೆರೆದಿಟ್ಟಿದ್ದರು. 1938ರಲ್ಲಿ ಮಿರ್ಜಾ ಎದುರು ಕೂತು ಎರಡು ಬಾವುಟದ ಒಪ್ಪಂದಕ್ಕೆ ಹೂಂ ಅಂದ ಮನುಷ್ಯ ಅವರು. "ಮಾತು ಗೀತು ಏನಿಲ್ಲ, ಐದು ದಿನದಲ್ಲಿ ಮುಗಿಸಿದ್ರು" ಅಂತ ಹೇಳೋದು ಪಟೇಲರನ್ನು ಹೊಗಳೋದಲ್ಲ, ಅವರ ಅರ್ಧ ಕೆಲಸ ಅಳಿಸಿ ಹಾಕೋದು. ಇನ್ನೊಂದು ಕಡೆಯವರೂ ಇದ್ದಾರೆ. ನಿಜಾಮರ ಕಾಲ ಬಂಗಾರದ ಕಾಲ, ಭಾರತ ಸುಮ್ಮನೆ ಬಂದು ನುಂಗಿತು ಅನ್ನೋರು. ಅವರಿಗೂ ಇದೇ ಪ್ರಶ್ನೆ: ಒಬ್ಬ ಮುಸ್ಲಿಂ ಪ್ರಧಾನಮಂತ್ರಿ ಎದುರಿಗೆ ನಿಂತು ದಾರಿ ತೋರಿಸಿದಾಗ ಅವರನ್ನು ದ್ರೋಹಿ ಅಂದವರು ಯಾರು?

ನಾವು ಸಾಫ್ಟ್‌ವೇರಿನವರು. ಪ್ರೊಡಕ್ಷನ್ ಡೌನ್ ಆಗಿ ರಾತ್ರಿ ಎರಡಕ್ಕೆ ಯಾರೋ ಹಾಟ್‌ಫಿಕ್ಸ್ ಹಾಕಿ ಎಬ್ಬಿಸಿದರೆ ಚಪ್ಪಾಳೆ ಹೊಡೀತೀವಿ. ಆದರೆ ಸೋಮವಾರ ಕೂತು ಪೋಸ್ಟ್‌ಮಾರ್ಟಂ ಬರೀತೀವಿ: ಇದು ಡೌನ್ ಯಾಕಾಯಿತು, ಮೊದಲು ಎಚ್ಚರಿಸಿದವರು ಯಾರು, ಅವರ ಮೇಲ್ ಯಾಕೆ ಯಾರೂ ಓದಲಿಲ್ಲ. ನನ್ನ ಜಿಲ್ಲೆಯ ದೊಡ್ಡ ಔಟೇಜಿಗೆ ಇಷ್ಟು ವರ್ಷ ಹಾಟ್‌ಫಿಕ್ಸಿನ ಪಾರ್ಟಿ ಮಾತ್ರ ನಡೀತಾ ಇದೆ.

ಡೌನ್ ಅಂದರೆ ಏನು ಅಂತ ನನಗೆ ಹೇಳಿದ್ದು ಅಜ್ಜಿ. ಅವಳಿಗೆ ಆಗ ಹನ್ನೆರಡು ಇರಬೇಕು. 1948ರ ಬೇಸಿಗೆಯಲ್ಲಿ ಬಸವಕಲ್ಯಾಣದ ಕಡೆ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ಸುದ್ದಿ ಊರಿಂದೂರಿಗೆ ಹಬ್ಬಿತ್ತು. ಅವಳ ಊರಿನವರು ರಾತ್ರಿ ಬಂಡಿ ಕಟ್ಟಿಕೊಂಡು ಹೊರಟರು. ಮುಂಬೈ ಪ್ರಾಂತ್ಯದ ಸೋಲಾಪುರ ಮುಟ್ಟಿದರೆ ಜೀವ ಉಳೀತದ ಅನ್ನೋ ಲೆಕ್ಕ. ಎತ್ತಿನ ಕೊರಳ ಗಂಟೆ ಬಿಚ್ಚಿ ಚೀಲದಲ್ಲಿ ಹಾಕಿದ್ದರಂತೆ. ತಮ್ಮನ ಬಾಯಿಗೆ ಅವ್ವ ಸೆರಗು ತುರುಕಿದ್ದು ಅವಳಿಗೆ ಕೊನೇವರೆಗೂ ಮರೆಯಲಿಲ್ಲ. ದೀಪಾವಳಿ ಮುಗಿದ ಮೇಲೆ ವಾಪಸ್ ಬಂದರು. ಮನೆ ಇತ್ತು, ಪಕ್ಕದ ಪಿಂಜಾರರ ಮನೆ ಬಾಗಿಲು ತೆರೆದೇ ಬಿದ್ದಿತ್ತು. ಒಳಗೆ ಯಾರೂ ಇರಲಿಲ್ಲ. ಅಜ್ಜಿ ಜೊತೆ ಆಡುತ್ತಿದ್ದ ಆ ಮನೆಯ ಹುಡುಗಿ ಏನಾದಳು ಅಂತ ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ.

"ಮೊದಲ ನಾವು ಓಡಿದ್ವಿ, ಆಮ್ಯಾಲ ಅವ್ರು ಓಡಿದ್ರು. ಊರು ಎರಡ್ ಸಲ ಖಾಲಿ ಆಯ್ತು ನೋಡಪಾ" ಅಂತಿದ್ದಳು. ಮೊದಲನೇ ಓಟ ನನ್ನ ಸ್ಟೀಲ್ ಡಬ್ಬಿಯ ಭಾಷಣದಲ್ಲಿತ್ತು. ಎರಡನೆಯದು ಇರಲಿಲ್ಲ.

ಇದು ಬರೀ ನಮ್ಮ ಅಜ್ಜಿಯ ಮಾತಲ್ಲ. ನೆಹರೂ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಅವರ ತಂಡ ಆ ವರ್ಷದ ಕೊನೆಯಲ್ಲಿ ಹಳ್ಳಿ ಹಳ್ಳಿ ತಿರುಗಿ ವರದಿ ಕೊಟ್ಟಿತು. ಪೊಲೀಸ್ ಆ್ಯಕ್ಷನ್ ಹೊತ್ತಿನಲ್ಲಿ ಮತ್ತು ಆಮೇಲೆ ಸತ್ತವರ ಸಂಖ್ಯೆ 27 ಸಾವಿರದಿಂದ 40 ಸಾವಿರ ಅಂತ ಅವರ ಅಂದಾಜು. ಅತಿ ಹೆಚ್ಚು ಹೊಡೆತ ತಿಂದ ನಾಲ್ಕು ಜಿಲ್ಲೆ: ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡ್, ಬೀದರ್. ವರದಿ ದಶಕಗಟ್ಟಲೆ ಹೊರಗೆ ಬರಲಿಲ್ಲ. ಗೋರಟಾದಲ್ಲಿ ಈಗ ಸ್ಮಾರಕ ಇದೆ, ಇರಬೇಕು, ಎಂದೋ ಆಗಬೇಕಿತ್ತು. ಅಜ್ಜಿಯ ಗೆಳತಿಯ ಹೆಸರು ಎಲ್ಲಿ ಬರೀತೀರಿ? ರಜ್ವಿಯ ಗುಂಪಿನ ಪಾಪಕ್ಕೆ ಆ ಪಿಂಜಾರ ಯಾಕೆ ಲೆಕ್ಕ ಕೊಡಬೇಕಿತ್ತು? ಅವನು ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ನಿಜಾಮನ ಸಂಸ್ಥಾನದಲ್ಲಿ ಅವನಿಗೆ ಏನು ಪಾಲಿತ್ತು?

ಪಾಲಿದ್ದವರ ಕಥೆ ನೋಡಿ. ನಿಜಾಮರು 1950ರಿಂದ 56ರ ತನಕ ಅದೇ ಹೈದರಾಬಾದಿಗೆ ರಾಜಪ್ರಮುಖ, ಸರ್ಕಾರಿ ಮರ್ಯಾದೆ ಸಮೇತ. ಲಾಯಕ್ ಅಲಿ ಗೃಹಬಂಧನದಿಂದ 1950ರಲ್ಲಿ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದರು. ಕಾಸಿಂ ರಜ್ವಿ ಜೈಲಿನಿಂದ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಹೈದರಾಬಾದಿನ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಚರ್ಚೆಗೆ ಬಂದದ್ದು ಸೆಪ್ಟೆಂಬರ್ 16ಕ್ಕೆ, ಪ್ಯಾರಿಸ್ಸಿನಲ್ಲಿ. ಸೋಲಾಪುರದಿಂದ ಹೊರಟ ಸೈನ್ಯ ಅಷ್ಟೊತ್ತಿಗೆ ನಳದುರ್ಗ ದಾಟಿ ನಮ್ಮ ಹುಮನಾಬಾದ್, ಜಹೀರಾಬಾದ್ ಕಡೆ ಬಂದಾಗಿತ್ತು. ತೀರ್ಮಾನ ಮಾಡಿದವರಲ್ಲಿ ಮನೆ ಮಠ ಕಳಕೊಂಡು ಬಂಡಿ ಹತ್ತಿದವರು ಯಾರೂ ನನಗೆ ಕಾಣಲಿಲ್ಲ.

ಮಿರ್ಜಾರೂ ಹಾಳಾಗಲಿಲ್ಲ. ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಇಂಡೋನೇಷ್ಯಾಕ್ಕೆ ಹೋಗಿ ಬಂದರು, 1954ರಲ್ಲಿ ಇಂಗ್ಲಿಷಿನಲ್ಲಿ ತಮ್ಮ ನೆನಪುಗಳ ಪುಸ್ತಕ ತಂದರು, 1959ರ ಜನವರಿಯಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರನ್ನು ಹುತಾತ್ಮ ಮಾಡುವ ಉದ್ದೇಶ ನನಗಿಲ್ಲ. ಅವರ ತಪ್ಪು ಸಣ್ಣದೇನಲ್ಲ. ಅವರು ಅರಮನೆಯ ಮನುಷ್ಯ. ಒಳ್ಳೆಯ ಮಂತ್ರಿ, ಬುದ್ಧಿ ಮಾತು ಕೇಳುವ ಒಬ್ಬ ದೊರೆ, ಇಬ್ಬರಿದ್ದರೆ ಸಾಕು, ಜನ ಹಿಂದಿನಿಂದ ಬರ್ತಾರೆ ಅಂತ ನಂಬಿದವರು. ಮೈಸೂರಿನಲ್ಲಿ ನಾಲ್ವಡಿಯವರು ಇದ್ದದ್ದಕ್ಕೆ ಆ ಲೆಕ್ಕ ನಡೀತು. ಹೈದರಾಬಾದಿನಲ್ಲಿ ಮೇಲೆ ದೊರೆ ದಿನಕ್ಕೊಂದು ಮನಸ್ಸಿನವ, ಕೆಳಗೆ ಮಿರ್ಜಾರಿಗೆ ತಮ್ಮವರು ಅಂತ ಯಾರೂ ಇಲ್ಲ. ಸ್ಟೇಟ್ ಕಾಂಗ್ರೆಸ್ಸಿಗೆ ಅವರ ಕಾಲದ ಶಾಸನಸಭೆ ಸುಧಾರಣೆ ಹಿಡಿಸಲಿಲ್ಲ, ಬಹಿಷ್ಕಾರ ಹಾಕಿತು. ತೆಲಂಗಾಣದ ನಲಗೊಂಡ ಕಡೆ ಎದ್ದ ರೈತರನ್ನು ಸರ್ಕಾರ ಬಲ ಹಾಕಿ ಹತ್ತಿಕ್ಕಲು ಹೊರಟದ್ದೂ 1946ರ ಕೊನೆಯಲ್ಲೇ. ಬೀದರಿಗೆ, ಭಾಲ್ಕಿಗೆ ಬಂದು ಜನರ ಎದುರು ನಿಂತು "ಹಿಂಗಿದೆ ಪರಿಸ್ಥಿತಿ" ಅಂತ ಹೇಳುವ ರಾಜಕಾರಣ ಅವರದಲ್ಲ. ಪಟ್ಟದ್ದೇವರ ಹಿಂದೆ ಊರಿಗೂರೇ ಇತ್ತು. ಮಿರ್ಜಾರ ಹಿಂದೆ ಒಂದು ನೇಮಕಾತಿ ಪತ್ರ ಇತ್ತು.

"ಇಷ್ಟೆಲ್ಲ ಅಂದ್ಮೇಲೆ ಮಿರ್ಜಾ ಇದ್ದಿದ್ದರೂ ಏನೂ ಆಗ್ತಿರಲಿಲ್ಲ ಬಿಡು" ಅಂದ ನಮ್ಮ ಮೈಸೂರು ಗೆಳೆಯ, ಎಲ್ಲ ಕೇಳಿದ ಮೇಲೆ. ಇರಬಹುದು. ಆದರೆ ಟ್ರಾಫಿಕ್ ಜಾಮಿನಲ್ಲಿ "ಮಿರ್ಜಾ ಇದ್ದಿದ್ರೆ" ಅನ್ನೋಕೆ ನಾಚಿಕೆ ಇಲ್ಲದವನಿಗೆ ಇಲ್ಲಿ ಮಾತ್ರ ಯಾಕೆ ಇಷ್ಟು ಪ್ರಾಕ್ಟಿಕಲ್ ಬುದ್ಧಿ? ಫ್ಲೈಓವರಿಗೆ ಬೇಕಾಗುವ ಮಿರ್ಜಾ ಗೋರಟಾಕ್ಕೆ ಯಾಕೆ ಬೇಡ? ಸೈನ್ಯ ಹೋಗಬಾರದಿತ್ತು ಅಂತಲೂ ನಾನು ಹೇಳ್ತಾ ಇಲ್ಲ. 1948ರ ಸೆಪ್ಟೆಂಬರ್ ಹೊತ್ತಿಗೆ ಬೇರೆ ದಾರಿ ಉಳಿದಿರಲಿಲ್ಲ. ಸೈನ್ಯ ಬಂತು ಅಂತಲೇ ನಮ್ಮ ಅಜ್ಜಿ ವಾಪಸ್ ಊರಿಗೆ ಬಂದಳು, ನಾನು ಹುಟ್ಟಿದೆ. ನಾನು ಕೇಳೋದು ಅದರ ಹಿಂದಿನ ಹದಿನಾರು ತಿಂಗಳ ಲೆಕ್ಕ. ದಾರಿಗಳನ್ನು ಒಂದೊಂದಾಗಿ ಮುಚ್ಚಿದವರು ಯಾರು, ತೆರೆದಿಡಲು ನೋಡಿದವರು ಯಾರು, ಅವರಿಗೆ ಏನು ಹೆಸರಿಟ್ಟು ಓಡಿಸಿದರು.

ಓಡಿಸಿದ ಹೆಸರುಗಳು ಇವತ್ತೂ ಚಾಲ್ತಿಯಲ್ಲಿವೆ. ನಮ್ಮ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೂತ ನನ್ನಂಥ ಇಂಜಿನಿಯರುಗಳೇ ಜಾಸ್ತಿ. ಹೋದ ವರ್ಷ ಅಜ್ಜಿಯ ಎರಡನೇ ಓಟದ ಕಥೆ ಅಲ್ಲಿ ಬರೆದೆ. ಹತ್ತು ನಿಮಿಷದಲ್ಲಿ ನಾನು ಒಬ್ಬನ ಲೆಕ್ಕದಲ್ಲಿ ಏಜೆಂಟ್ ಆಗಿದ್ದೆ. ಗ್ರೂಪಿನಲ್ಲಿ ಇಬ್ಬರು ಮುಸ್ಲಿಂ ಗೆಳೆಯರಿದ್ದಾರೆ, ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವರು ಏನೂ ಬರೆಯಲಿಲ್ಲ. ಒಬ್ಬ ರಾತ್ರಿ ಫೋನ್ ಮಾಡಿ ಊರಿನ ಮಳೆ, ತೊಗರಿ ರೇಟು ಅಂತ ಅರ್ಧ ಗಂಟೆ ಮಾತಾಡಿದ. ಆ ವಿಷಯ ಎತ್ತಲೇ ಇಲ್ಲ. ಇಡೋ ಮುಂಚೆ "ಥ್ಯಾಂಕ್ಸ್ ಲೇ" ಅಂದ.

ಈ ಸಲ ಅಕ್ಕನ ಮಗನಿಗೆ ಬೇರೆ ಭಾಷಣ ಬರೆದು ಕಳಿಸಿದ್ದೇನೆ. ಗೋರಟಾ ಇದೆ, ಪಟ್ಟದ್ದೇವರ ಬೋರ್ಡು ಇದೆ, ಪಟೇಲರು ಒಪ್ಪಿದ ಜೂನ್ ಕರಡು ಇದೆ, ಪಿಂಜಾರರ ಮನೆ ಬಾಗಿಲು ಇದೆ, ಮಿರ್ಜಾ ಸಾಹೇಬರ ಹತ್ತು ತಿಂಗಳು ಇವೆ. ಓದಿ ನೋಡಿ ಫೋನ್ ಮಾಡಿದ. "ಮಾಮಾ, ಇದು ಐದು ನಿಮಿಷ ಆಗ್ಲತ್ತದ. ಟೀಚರ್ ಎರಡು ನಿಮಿಷ ಕಟ್ ಮಾಡಂದ್ರು. ಯಾವ್ದು ತೆಗೀಲಿ?"

ಸೈನ್ಯದ ಐದು ದಿನ ಒಂದು ಸಾಲಿನಲ್ಲಿ ಹೇಳಿ ಮುಗಿಸು, ಅದು ಎಲ್ಲರಿಗೂ ಬಾಯಿಪಾಠ ಇದೆ ಅಂದೆ.